ಕೆಡಿಸಿದ ವಾಕ್ಯಗಳು

ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಮೇಲೆ ಸಂಶೋಧನೆ ಮಾಡಲು ಜೇವರ್ಗಿ ತಾಲೂಕಿನ ಹೊಲಗಳನ್ನೆಲ್ಲ ಸುತ್ತಿದ ಇರಮಳನ್ನು ಬಿಸಿಲು ಸೋಲಿಸಲಿಲ್ಲ, ಎರೆಮಣ್ಣಿನ ಕೆಸರೂ ಸೋಲಿಸಲಿಲ್ಲ. ಸೋಲಿಸಿದ್ದು ಇಂಗ್ಲಿಷ್.

ಪಿಎಚ್.ಡಿ ಪ್ರಬಂಧದ ಮೊದಲ ಅಧ್ಯಾಯವನ್ನು ಗೈಡ್ ಶಾಂತಕುಮಾರ ಸರ್ ಪುಟದ ತುಂಬ ಕೆಂಪು ಗೀಟು ಎಳೆದು ವಾಪಸು ಕೊಟ್ಟಿದ್ದರು.

"ಕೆಲಸ ಛಲೋ ಮಾಡೀದಿ. ಭಾಷಾ ಮಾತ್ರ ಇನ್ನಾ ಖಜೂರಿ ದಾಟಿಲ್ಲ ನೋಡು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇರಮಳೂ ನಕ್ಕಳು, ನಗದೆ ಬೇರೆ ದಾರಿಯಿರಲಿಲ್ಲ.

ಗಡಿಯ ಊರು ಖಜೂರಿಯ ಲಾರಿ ಮೆಕ್ಯಾನಿಕನ ಮಗಳು ಅವಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮೂರರಲ್ಲೂ ನಾಮಪದದ ಮುಂದೆ ಇಂಗ್ಲಿಷಿನ ಹಾಗೆ 'ದಿ' ಹಚ್ಚುವ ಗೋಜಿಲ್ಲ. ಆಳಂದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಅವಳು ದಿನಾ ಹೋಗಿಬರುವ ಬಸ್ಸಿನಲ್ಲೇ ಒಳ್ಳೊಳ್ಳೆಯ ಸಂಶೋಧನಾ ಲೇಖನಗಳನ್ನು ಬಾಯಿಬಿಟ್ಟು ಓದತೊಡಗಿದಳು. ಒಂದು ವಾಕ್ಯಕ್ಕೆ ಒಂದೇ ವಿಚಾರ. ಗೊತ್ತಿದ್ದಷ್ಟನ್ನೇ ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಬೇಕು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದುವಾಗ ತಾಯಿ ಮೆಹರಾಜಬೇಗಂ ರೊಟ್ಟಿ ಬಡಿಯುತ್ತ, ಅರ್ಥವಾಗದ ಆ ಮಾತುಗಳಿಗೆ ತಲೆದೂಗುತ್ತಿದ್ದಳು.

ಎರಡು ವರ್ಷದ ಮೇಲೆ ಮಹಾಪ್ರಬಂಧ ಮುಗಿಯಿತು. ವಿಶ್ವವಿದ್ಯಾಲಯ ಅದನ್ನು ತಪಾಸಣೆಯ ಸಾಫ್ಟ್‌ವೇರ್‌ಗೆ ಹಾಕಿತು. ಬಹುಪಾಲು ಬರಹ ಮನುಷ್ಯರದ್ದಲ್ಲ, ಎಐ ಬರೆದದ್ದು ಎಂದು ವರದಿ ಬಂತು.

"ಖರೇ ಹೇಳು, ಯಾವುದರಾಗ ಬರೆಸೀದಿ?" ಎಂದರು ಶಾಂತಕುಮಾರ.

"ನಾನೇ ಬರದೇನ್ರಿ ಸರ್. ಈಗ ಇಲ್ಲೇ ಕುಂತು ಬರೀ ಅಂದ್ರ ಬರೀತೇನ್ರಿ."

ಅವರು ಒಂದು ಹಾಳೆ ಕೊಟ್ಟರು. ಅವಳು ಅಲ್ಲೇ ಕೂತು ಒಂದು ಪ್ಯಾರಾ ಬರೆದಳು. ಅವರು ಎರಡು ಸಲ ಓದಿದರು. ಗೀಟು ಎಳೆಯಲು ಏನೂ ಸಿಗಲಿಲ್ಲ.

"ನಾ ನಂಬ್ತೇನವ್ವ. ಸಮಿತಿಯವರು ಮಷೀನ್ ನಂಬ್ತಾರ."

"ಕಾನ್ವೆಂಟಿನಾಗ ಓದಿದಾಕಿ ಬರೆದಿದ್ರ ಹಿಂಗ ಕೇಳ್ತಿದ್ದರೇನ್ರಿ?"

ಅವರು ಪ್ರಬಂಧವನ್ನು ಅವಳ ಕಡೆ ಸರಿಸಿದರು. ದನಿ ತಗ್ಗಿಸಿ, "ಭಾಷಾ ಒಂದಿಷ್ಟು ಕೆಡಿಸಿಕೊಂಡು ಬಾ. ಪಾಸಾಗತದ," ಎಂದರು.

ಇರಮ ಕೆಡಿಸಲು ಕೂತಳು. ಮೊದಲು 'ದಿ'ಗಳನ್ನು ಕಿತ್ತಳು. ಕ್ರಿಯಾಪದಗಳ ಕಾಲ ಹದಗೆಡಿಸಿದಳು. ಬಿಡಿಸಿ ಬರೆದ ವಾಕ್ಯಗಳನ್ನು ಒಂದಕ್ಕೊಂದು ಗಂಟುಹಾಕಿದಳು. ಗಿಡ ಹೊರಗೆ ಹಸಿರಾಗಿದ್ದಾಗಲೇ ಕಾಂಡದ ಒಳಗೆ ಕಪ್ಪು ಹಿಡಿದಿರುತ್ತದೆ ಎಂಬ ವಾಕ್ಯದ ಮುಂದೆ ಬೆರಳು ನಿಂತುಬಿಟ್ಟಿತು. ಅದನ್ನು ನೇರ ಮಾಡಲು ಒಂದು ವಾರ ಹಿಡಿದಿತ್ತು. ಅದನ್ನೊಂದು ಉಳಿಸಿಕೊಳ್ಳಲೇ ಎಂದು ಯೋಚಿಸಿದಳು. ಉಳಿಸಲು ಧೈರ್ಯ ಸಾಲಲಿಲ್ಲ, ಅದನ್ನೂ ಕೆಡಿಸಿದಳು.

"ಕ್ಯಾ ಹುವಾ ಬೇಟಿ? ಕಣ್ಣು ಯಾಕ ಕೆಂಪಾಗ್ಯಾವ?" ಎಂದಳು ತಾಯಿ.

"ತಪ್ಪು ತಿದ್ದಾಕತ್ತೇನಿ ಅಮ್ಮಾ."

ಈ ಸಲ ಸಾಫ್ಟ್‌ವೇರ್ ತಕರಾರು ತೆಗೆಯಲಿಲ್ಲ.

"ಈಗ ನೋಡು, ನಿನ್ನ ಬರಹ ಅನ್ನಿಸ್ತದ," ಎಂದು ಶಾಂತಕುಮಾರ ಸಹಿ ಹಾಕಿದರು.

ಮೌಖಿಕ ಪರೀಕ್ಷೆಗೆ ದೂರದಿಂದ ಬಂದ ಪ್ರಾಧ್ಯಾಪಕರು ಅವಳ ಕೆಲಸವನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಕನ್ನಡಕ ತೆಗೆದು, ಮರುಕದಿಂದಲೇ ಹೇಳಿದರು: "ನೋಡಮ್ಮ, ಈ ಭಾಗದ ಮಕ್ಕಳಿಗೆ ಬುದ್ಧಿ ಇದೆ. ಇಂಗ್ಲಿಷ್ ಕಲಿಯೋಕೆ ಮಾತ್ರ ಕಷ್ಟಪಡೋದಿಲ್ಲ. ನೀವು ಒಂದೆರಡು ವರ್ಷ ಮನಸ್ಸಿಟ್ಟು ಕಲಿತಿದ್ದರೆ ಇದು ಎಲ್ಲಿಗೋ ಹೋಗುತ್ತಿತ್ತು."

ಇರಮ ಶಾಂತಕುಮಾರ ಸರ್ ಕಡೆ ನೋಡಿದಳು. ಅವರು ಪ್ರಬಂಧದ ಹಾಳೆ ತಿರುವುತ್ತಿದ್ದರು, ತಲೆ ಎತ್ತಲಿಲ್ಲ.

"ಹೌದ್ರಿ ಸರ್," ಎಂದಳು ಇರಮ.

ಅವಳಿಗೆ ಡಾಕ್ಟರೇಟ್ ಬಂತು. ಖಜೂರಿಯಲ್ಲಿ ಮೆಹರಾಜಬೇಗಂ ಓಣಿಗೆಲ್ಲ ಪೇಡೆ ಹಂಚಿದಳು. ದಪ್ಪ ರಟ್ಟಿನ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು, ನೆರೆಹೊರೆಯ ಹೆಣ್ಣುಮಕ್ಕಳ ಎದುರು, "ಎರಡು ಸಾಲು ಓದಿ ತೋರಿಸು ಬೇಟಿ," ಎಂದು ಹಟ ಹಿಡಿದಳು. ಇರಮ ತೆರೆದಳು. ಓದುತ್ತ ಹೋದಂತೆ ಬಾಯಿ ತಾನಾಗಿಯೇ 'ದಿ' ಹಚ್ಚುತ್ತಿತ್ತು, ಕಾಲ ಸರಿಪಡಿಸುತ್ತಿತ್ತು. ಹಾಳೆಯ ಮೇಲೆ ಅವ್ಯಾವೂ ಇರಲಿಲ್ಲ.