ಕತ್ತರಿಸಿಹೋದ ಅಂಚು

ಇಳಿಹೊತ್ತಿನ ಬಿಸಿಲು ಒಮ್ಮೊಮ್ಮೆ ಕರುಣೆಯಂತೆ ಇಳಿಯುತ್ತದೆ. ಒಮ್ಮೊಮ್ಮೆ ವಿರೋಧ ಸಾಕ್ಷಿ ನುಡಿಯಲು ಬಂದವನಂತೆ ಬಾಗಿಲಲ್ಲಿ ನಿಲ್ಲುತ್ತದೆ. ಕಿರುಬೀದಿಯ ಕೊನೆಯಲ್ಲಿದ್ದ ಆ ಪುಸ್ತಕ ಕಟ್ಟುವ ಕಾರ್ಯಶಾಲೆಗೆ ಅದು ಬರುತ್ತಿದ್ದುದು ಎರಡನೆಯ ಬಗೆಯಲ್ಲಿ. ಮಾಡಿನ ಗಾಜಿನಿಂದ ಜಾರಿ, ರಟ್ಟಿನ ರಾಶಿಗಳನ್ನು ಸವರಿ, ಅಂಟಿನ ಪಾತ್ರೆಯಿಂದೇಳುವ ಆವಿಯನ್ನು ಹೊಂಬಣ್ಣದ ಮಂಜಾಗಿಸಿ, ಕಡೆಗೆ ಎದುರಿನ ಗೋಡೆಯ ಮೇಲೆ ಕಣ್ಣು ನೆಟ್ಟು ನಿಲ್ಲುತ್ತಿತ್ತು... ಆ ಗೋಡೆಯೋ! ಮೊಳೆಮೊಳೆಗೂ ಒಂದೊಂದು ಕೆಟ್ಟ ಪುಸ್ತಕ. ಪುಟ ತಲೆಕೆಳಗಾದದ್ದು, ಬೆನ್ನು ಸೊಟ್ಟಗಾದದ್ದು, ಹೊಲಿಗೆ ಬಿಟ್ಟದ್ದು... ಪ್ರತಿಯೊಂದರ ಕೊರಳಿನಲ್ಲೂ ಕೆಡಿಸಿದವರ ಹೆಸರಿನ ಚೀಟಿ. ಅಕಾಲವೃಷ್ಟಿಗೆ ಸಿಕ್ಕ ಹಕ್ಕಿಗಳಂತೆ ಅವು ರೆಕ್ಕೆ ಇಳಿಬಿಟ್ಟು ತೂಗುತ್ತಿದ್ದವು.

"ತಪ್ಪು ಕಣ್ಣೆದುರಿಗಿದ್ರೆ ಕೈ ತಾನಾಗೇ ಸರಿಹೋಗುತ್ತೆ" ಎಂಬುದು ಯಜಮಾನರ ಮಾತು. ಸಹೃದಯರೇ, ಅವರು ದುಷ್ಟರಲ್ಲ. ಮುಂಜಾನೆ ದೇವರಿಗೆ ಕೈಮುಗಿಯದೆ ಯಂತ್ರ ಮುಟ್ಟಿದವರಲ್ಲ. ಆದರೆ ದೇವರು ಕ್ಷಮಿಸಿ ಮರೆತದ್ದನ್ನೂ ಗೋಡೆಗೆ ಹೊಡೆದು ನೆನಪಿಡುವ ಭಕ್ತರು ಲೋಕದಲ್ಲಿದ್ದಾರಲ್ಲ...!

ತೂಗುತ್ತಿದ್ದ ಹದಿನೇಳರಲ್ಲಿ ಹನ್ನೊಂದು ಅವರ ಮಗಳು ಗುಬ್ಬಿಯವು. ಹತ್ತೊಂಬತ್ತರ ಹುಡುಗಿ. ಮೊದಮೊದಲು ಅವಳ ಬೆರಳುಗಳು ತಿಳಿನೀರಿನ ಮೇಲಣ ಬೆಳಕಿನಂತೆ ಕಾಗದದ ಮೇಲೆ ಆಡುತ್ತಿದ್ದವು. ಚೀಟಿಗಳು ಹೆಚ್ಚಿದಂತೆ ಬೆರಳುಗಳು ನಡುಗಿದವು, ಬೆರಳು ನಡುಗಿದಂತೆ ಚೀಟಿಗಳು ಹೆಚ್ಚಿದವು. ರಟ್ಟಿಗೆ ಬಟ್ಟೆ ಅಂಟಿಸುತ್ತಿದ್ದ ಸೋದರತ್ತೆ ಅಷ್ಟಕ್ಕೆ ಸುಮ್ಮನಿರುವ ಹೆಂಗಸೇ?

"ನನ್ನ ಮಗಳು ಇವಳ ವಯಸ್ಸಿಗೆ ಆಫೀಸು ನಡೆಸ್ತಿದ್ಲು. ಇವಳಿಗೆ ಸೂಜಿಗೆ ದಾರ ಹಾಕೋಕೂ ಮುಹೂರ್ತ ನೋಡ್ಬೇಕು!"

ದಾರ ಹಾಕುತ್ತಿದ್ದವನು ಬೇರೊಬ್ಬ. ಮೇಜಿನ ಆಚೆ ತುದಿಯಲ್ಲಿ ಪುಟಗಳನ್ನು ಹೊಲಿಯುವ ತರುಣ, ದಿನವೂ ಮೇಣ ಹಚ್ಚಿದ ದಾರವನ್ನು ಸೂಜಿಗಳಿಗೆ ಪೋಣಿಸಿ, ಒಂದೊಂದಾಗಿ, ಯಾರೂ ಕಾಣದಂತೆ, ಅವಳತ್ತ ಜಾರಿಸುತ್ತಿದ್ದ. ಮಾತಿಲ್ಲ, ಕಣ್ಸನ್ನೆಯಿಲ್ಲ... ಮೋಡವು ಭೂಮಿಗೆ ಕಳಿಸುವ ಮೊದಲ ಹನಿಗಳಂತೆ ಆ ಸೂಜಿಗಳು ಬರುತ್ತಿದ್ದವು! ಅದೇ ಅವರಿಬ್ಬರ ಪ್ರೇಮಪತ್ರ.

ಎರಡು ತಿಂಗಳ ಹಿಂದೆ, ಕಾಗದದ ಕಟ್ಟು ಇಳಿಸುವಾಗ, ಅವಳು ಮೆಲ್ಲನೆ ಅಂದಿದ್ದಳು: "ಬೆಳಗಾಗೋದೇ ಬೇಡ ಅನ್ನಿಸ್ತಿದೆ."

ಅವನು ಕಟ್ಟನ್ನು ಕೆಳಗಿಟ್ಟ. "ನಂಗೆ ಬುದ್ಧಿ ಹೇಳೋಕೆ ಬರಲ್ಲ. ಸೇತುವೆಯಾಚೆ ಮನಸ್ಸಿನ ಕಾಯಿಲೆ ನೋಡೋ ಡಾಕ್ಟರಮ್ಮ ಇದ್ದಾರೆ. ಬಾಗಿಲವರೆಗೂ ನಾನು ಬರ್ತೀನಿ."

ಅಂದಿನಿಂದ ಪ್ರತಿ ಗುರುವಾರ, ಕಟ್ಟಿದ ಪುಸ್ತಕ ತಲುಪಿಸುವ ನೆಪದಲ್ಲಿ, ಅವಳು ಸೇತುವೆ ದಾಟುತ್ತಿದ್ದಳು. ನಿದ್ದೆ ಚೂರುಚೂರಾಗಿ ಮರಳುತ್ತಿತ್ತು. ಬರಗಾಲದ ಬಾವಿಯಲ್ಲಿ ನೀರು ಜಿನುಗುವ ಹಾಗೆ...

ಅಷ್ಟರಲ್ಲಿ, ಒಂದು ಮಧ್ಯಾಹ್ನ, ಅದೇ ಡಾಕ್ಟರಮ್ಮನ ದವಾಖಾನೆಯ ವರ್ಷದ ಬಿಡಿಹಾಳೆಗಳು ಕಟ್ಟಲು ಬಂದವು! ಒಂದೇ ಮಗ್ಗುಲಿಗೆ ಬರೆದ ಹಾಳೆಗಳು: ವಯಸ್ಸು, ತೊಂದರೆ, ಬಲತುದಿಯಲ್ಲಿ ಹೆಸರು. ಬಿಚ್ಚಿದವಳು ಗುಬ್ಬಿಯೇ. ತನ್ನ ಹೆಸರು ಕಂಡಾಗ ಅವಳ ಮುಖದ ಬೆಳಕು ಗಾಳಿಗೆ ಸಿಕ್ಕ ದೀಪದಂತೆ ತೊನೆಯಿತು. ಅಪ್ಪ ಇದನ್ನು ಓದಿದರೆ...? ಕತ್ತರಿಸುವ ಯಂತ್ರದ ಅಲಗಿನ ಕೆಳಗೆ ಅವಳು ಹಾಳೆಗಳನ್ನು ನಾಲ್ಕು ಬೆರಳಗಲ ಹೆಚ್ಚು ಒಳಕ್ಕೆ ಸರಿಸಿದಳು. ಹಿಡಿಯನ್ನು ಒತ್ತಿದಳು. ತನ್ನದೊಂದೇ ಅಲ್ಲ, ಎಲ್ಲರ ಹೆಸರುಗಳೂ ಶಿಶಿರದ ಎಲೆಗಳಂತೆ ಉದುರಿದವು. ಬಾಚಿ ಅಂಟಿನ ಒಲೆಗೆ ಹಾಕಿದಳು. ವಿಚಿತ್ರ! ಆ ಕ್ಷಣ ಅವಳ ಕೈ ನಡುಗಿರಲಿಲ್ಲ.

"ಯಾರ ಕೈ ಇದು?" ಹಾಳೆಗಳನ್ನು ಹೊಲಿದು ಕಟ್ಟಿದ ಮೇಲೆ ಯಜಮಾನರು ಆ ಮೊಟಕಾದ ಪುಸ್ತಕವನ್ನು ಎತ್ತಿ ಹಿಡಿದರು.

"ನಂದೇ, ಯಜಮಾನ್ರೇ," ಎಂದ ಹೊಲಿಗೆಯ ತರುಣ.

"ಹೊಲಿಯೋನು ಕತ್ತರಿಸೋಕೆ ಹೋದ್ರೆ ಇನ್ನೇನಾಗುತ್ತೆ!" ಎಂದಳು ಅತ್ತೆ.

ಯಜಮಾನರು ಚೀಟಿ ಬರೆದರು. ಮೊಳೆಗೇರಿಸುವ ಮುನ್ನ ಕೆಟ್ಟ ಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಹಂಗಿಸುವುದು ಅಲ್ಲಿನ ಪದ್ಧತಿ.

"ಹದಿನೇಳು ವರ್ಷ. ನಿದ್ದೆ ಇಲ್ಲ. ಅಕ್ಕನ ಅಂಕಗಳ ಜೊತೆ ದಿನವೂ ಹೋಲಿಕೆ."

"ಇದಕ್ಕೂ ಡಾಕ್ಟ್ರಾ? ನಮ್ಮ ಕಾಲದಲ್ಲಿ ಎರಡು ಬಿಟ್ಟಿದ್ರೆ ನಿದ್ದೆ ಓಡಿ ಬರ್ತಿತ್ತು!" ಎಂದಳು ಅತ್ತೆ.

"ಇಪ್ಪತ್ತೊಂದು. ಫೋನಿನಲ್ಲಿ ಸಾವಿರ ಗೆಳೆಯರು, ಜೊತೆಗೆ ಕೂತು ಉಣ್ಣಲು ಒಬ್ಬರಿಲ್ಲ. ಹದಿನಾರು. ಮನೆಯಲ್ಲಿ ಜಗಳ, ಬಾಗಿಲು ಸದ್ದಾದರೆ ಬೆಚ್ಚುತ್ತಾನೆ." ಯಜಮಾನರ ದನಿಯ ವ್ಯಂಗ್ಯ ಅದೇಕೋ ತೆಳುವಾಗುತ್ತಿತ್ತು. "ಹತ್ತೊಂಬತ್ತು. ಕೈ ನಡುಕ. ಬೆಳಗಾಗುವುದೇ ಬೇಡವೆನಿಸುತ್ತದೆ. ತಂದೆ ತಪ್ಪುಗಳನ್ನು ಗೋಡೆಗೆ..."

ದನಿ ನಿಂತಿತು. ಅಂಟು ಕೊತಕೊತ ಕುದಿಯುವ ಸದ್ದೊಂದೇ ಉಳಿಯಿತು.

"ಯಾಕಣ್ಣ, ಓದು!" ಎಂದಳು ಅತ್ತೆ.

ಅವರು ಮಗಳತ್ತ ತಿರುಗಿದರು. ಕಣ್ಣಿನಲ್ಲಿ ಕೋಪವೇ ಇತ್ತು. ಮನುಷ್ಯನಿಗೆ ನೋವಾದಾಗ ಮೊದಲು ಒದಗುವ ಆಯುಧ ಅದೇ ಅಲ್ಲವೇ? "ಕಂಡವರ ಹತ್ರ ಹೇಳ್ಕೊಂಡೆ. ನನ್ನ ಹತ್ರ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಅದನ್ನೂ ನೇತುಹಾಕ್ತಿದ್ರಿ, ಅಪ್ಪ."

ಅತ್ತೆ ತಲೆಯ ಮೇಲೆ ಕೈಹೊತ್ತಳು. "ಹುಚ್ಚಿ ಅಂತ ಹೆಸರು ಬಂದ್ರೆ ಇವಳನ್ನ ಯಾರು ಮದುವೆ ಆಗ್ತಾರೆ?"

"ಆ ಚಿಂತೆ ನಿಮಗೆ ಬೇಡಮ್ಮ," ಎಂದ ತರುಣ.

"ಇವಳು ಕತ್ತರಿಸಿದ್ದನ್ನ ನಂದು ಅಂತ ನನ್ನೆದುರಿಗೆ ಸುಳ್ಳು ಹೇಳಿದೋನು ನೀನು," ಯಜಮಾನರು ಗುಡುಗಿದರು. "ಹೊರಡು. ನಾಳೆಯಿಂದ ಈ ಕಡೆ ಬರ್ಬೇಡ!"

ಅವನು ಹೊರಟ. ಹೊರಡುವ ಮುನ್ನ, ದಾರ ಪೋಣಿಸಿದ ಸೂಜಿಗಳನ್ನೆಲ್ಲ ಸಾಲಾಗಿ ಅವಳ ಮುಂದಿಟ್ಟ. ಈ ಸಲ ಎಲ್ಲರೂ ಕಾಣುವಂತೆ.

"ಗುರುವಾರ ನಾನು ಹೋಗ್ತೀನಿ, ಅಪ್ಪ," ಎಂದಳು ಗುಬ್ಬಿ. "ಇನ್ಮೇಲೆ ಹೇಳಿಯೇ ಹೋಗ್ತೀನಿ."

ಮೂರು ದಿನ ಕಳೆದವು, ಮಳೆಗೆ ಮುಂಚಿನ ಧಗೆಯಂತೆ. ಗುರುವಾರ ಯಜಮಾನರು ಮೊಟಕಾದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮಗಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಸೇತುವೆ ಮುಗಿಯುವವರೆಗೂ ಹಿಂದಿರುಗಿ ನೋಡಲಿಲ್ಲ.

"ಹೆಸರೆಲ್ಲ ಕತ್ತರಿಸಿದ್ದು ನಾನು," ಎಂದಳು ಗುಬ್ಬಿ, ಡಾಕ್ಟರಮ್ಮನ ಮುಂದೆ.

ಡಾಕ್ಟರಮ್ಮ ಪುಸ್ತಕ ನೋಡಿ ನಿಟ್ಟುಸಿರಿಟ್ಟರು. "ಹೆಸರುಗಳು ಬೇರೆ ಕಡೆ ಬರೆದಿವೆ. ಆದ್ರೆ ಈ ಹಾಳೆಗಳನ್ನ ನಾನು ಹೊರಗೆ ಕಳಿಸಲೇಬಾರದಿತ್ತು. ತಪ್ಪು ನಂದು. ಯಜಮಾನ್ರೇ, ನಿಮ್ಮ ಗೋಡೆಲಿ ಮೊಳೆ ಖಾಲಿ ಇದ್ರೆ ನನ್ನ ಚೀಟಿನೂ ಹಾಕಿ."

ಯಜಮಾನರು ನಗಲಿಲ್ಲ. ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಇನ್ನೊಂದು ತುದಿಯಲ್ಲಿ, ಎಂದಿನ ಗುರುವಾರದಂತೆ, ಆ ತರುಣ ಕಾಯುತ್ತಿದ್ದ. ಬಹಳ ಹೊತ್ತು ಇಬ್ಬರೂ ಎದುರಿನ ಮರವನ್ನೇ ಶತ್ರುವಿನಂತೆ ದಿಟ್ಟಿಸಿದರು.

"ದಾರಕ್ಕೆ ಮೇಣ ಸಾಲದು," ಎಂದರು ಯಜಮಾನರು ಕಡೆಗೆ. "ನೀನು ಹೊಲಿದ ಮೂರು ಪುಸ್ತಕ ಸಡಿಲ."

"ಗೋಡೆಗೆ ಹಾಕಿದ್ರಾ?"

"ಇಲ್ಲ. ಬಿಚ್ಚಿಟ್ಟಿದ್ದೀನಿ. ಸೋಮವಾರ ಬಂದು ಮತ್ತೆ ಹೊಲಿ."

ಬಾಗಿಲು ತೆರೆಯಿತು. ಗುಬ್ಬಿ ಹೊರಬಂದು, ಆ ಇಬ್ಬರು ಮುನಿಸಿನ ಗಂಡಸರ ನಡುವೆ ಉಳಿದಿದ್ದ ಜಾಗದಲ್ಲಿ ಕುಳಿತಳು. ಕೈಗಳು ಇನ್ನೂ ತುಸು ನಡುಗುತ್ತಿದ್ದವು. ಅವಳು ಅವನ್ನು ಬಚ್ಚಿಡಲಿಲ್ಲ.

ಮಾನವಹೃದಯವೂ ಬಿಡಿಹಾಳೆಗಳ ಒಂದು ಕಟ್ಟು, ಸಹೃದಯರೇ... ಎಳೆಯ ಮನಸ್ಸು ತಪ್ಪಿನಿಂದ ಹರಿಯುವುದಿಲ್ಲ; ಆ ತಪ್ಪನ್ನು ಕೊರಳಿಗೆ ಕಟ್ಟಿಕೊಂಡು ಒಂಟಿಯಾಗಿ ತೂಗಬೇಕಾದಾಗ ಹರಿಯುತ್ತದೆ. ಹೊಲಿಗೆ ಬಿಚ್ಚುವ ಧೈರ್ಯವೊಂದು, ಮತ್ತೆ ಪೋಣಿಸಿಕೊಡುವ ಕೈಯೊಂದು... ಆ ಪರಮಾತ್ಮನು ಲೋಕವನ್ನು ಪ್ರತಿ ಮುಂಜಾನೆ ಹೊಸದಾಗಿ ಕಟ್ಟುವುದೂ ಬಹುಶಃ ಹೀಗೆಯೇ ಇರಬೇಕು!