ತಾರಸಿಯ ಬಿಸಿಲು ಯಾರದು

ಸೋಲಾರ್ ಹಾಕಿಸುವ ಮೊದಲು ಮನೆಯಲ್ಲಿ ಎಲ್ಲರನ್ನೂ ಕೇಳಿದರು, ದೊಡ್ಡಾಕೆಯೊಬ್ಬಳನ್ನು ಬಿಟ್ಟು.

ಆ ಮನೆಯ ಕೆಳಗಡೆ ಅಣ್ಣನ ಸಂಸಾರ, ಮೇಲ್ಗಡೆ ತಮ್ಮನ ಸಂಸಾರ. ತಾರಸಿ ಇಬ್ಬರಿಗೂ ಸೇರಿದ್ದು ಅನ್ನುವುದು ಬಾಯಿಮಾತು. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಹೆಜ್ಜೆ ಸವೆಸಿದವಳು ಅಣ್ಣನ ಹೆಂಡತಿ ದೊಡ್ಡಾಕೆ. ಬೀದಿಯ ಕೊನೆಯಲ್ಲಿರುವ ನರ್ಸಿಂಗ್ ಹೋಮಿನ ಬೆಡ್‌ಶೀಟುಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡುವುದು ಅವಳ ಕಸುಬು. ಬಿಸಿನೀರಿನಲ್ಲಿ ನೆನೆಸುವುದು, ಉಜ್ಜುವುದು, ಹಿಂಡುವುದು ಅವಳ ರಟ್ಟೆಯ ಪಾಲು. ಒಣಗಿಸುವುದು ಬಿಸಿಲಿನ ಪಾಲು. ಆ ಒಂದು ಕೆಲಸಕ್ಕೆ ಅವಳು ಯಾರ ಮುಂದೆಯೂ ಕೈಚಾಚಬೇಕಾಗಿರಲಿಲ್ಲ. ಬಿಸಿಲಿಲ್ಲದಿದ್ದರೆ ಅವಳ ಕಸುಬೂ ಇಲ್ಲ.

ಒಂದು ಬೆಳಿಗ್ಗೆ ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಮೇಲೆ ಬಂದರೆ ಅರ್ಧ ತಾರಸಿಯೇ ಕಾಣೆ. ಅಲ್ಲಿ ಗಿಡ್ಡ ಕಬ್ಬಿಣದ ಕಾಲುಗಳ ಮೇಲೆ ಕಪ್ಪು ನೀಲಿ ಹಲಗೆಗಳು ಓರೆಯಾಗಿ ಮಲಗಿದ್ದವು. ಅವಳ ಒಣಗುಹಗ್ಗದ ಕೊಕ್ಕೆಯನ್ನು ಗೋಡೆಯಿಂದ ಕಿತ್ತು ಮೂಲೆಗೆಸೆದಿದ್ದರು.

"ಏನಿದು?"

"ಸೋಲಾರು, ಅಕ್ಕ" ಎಂದಳು ತಮ್ಮನ ಹೆಂಡತಿ ಚಿಕ್ಕಾಕೆ. ಮೇಲಿನ ಮನೆಯಲ್ಲಿ ಕರೆಂಟಿನ ಓವನ್ ಇಟ್ಟುಕೊಂಡು ಕೇಕ್ ಮಾಡಿ ಮಾರುವವಳು ಅವಳು. "ಭಾವ ಒಪ್ಪಿದ್ರಲ್ಲ, ನಿಮಗೆ ಹೇಳಿಲ್ವಾ?" ಅಂದು ನಕ್ಕಳು. ಆ ನಗು ದೊಡ್ಡಾಕೆಯ ಕಣ್ಣಿಗೆ ಕಾರ ಎರಚಿದ ಹಾಗಾಯಿತು.

ಕೆಳಗೆ ಗಂಡ ಪೇಪರಿನ ಹಿಂದೆ ಅಡಗಿ ಕೂತಿದ್ದ. "ಇನ್ನರ್ಧ ನಿಂಗೇ ಇದೆಯಲ್ಲೇ" ಎಂದು ಗೊಣಗಿದ. ಗಂಡಸರ ಲೆಕ್ಕ ಹೀಗೆಯೇ ಇರುತ್ತದೆ. ಕೇಳದೆ ಕಸಿದುಕೊಂಡದ್ದು ಅರ್ಧವಾದರೇನು, ಪೂರ್ತಿಯಾದರೇನು? ಆ ದಿನ ದೊಡ್ಡಾಕೆ ಗಂಡನ ತಟ್ಟೆಗೆ ಅನ್ನ ಬಡಿಸಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಮಾರನೆಯ ದಿನ ಸೋಲಾರಿನವನು ಬಂದು ತಮ್ಮನಿಗೂ ಚಿಕ್ಕಾಕೆಗೂ ಪಾಠ ಮಾಡಿದ. ದೊಡ್ಡಾಕೆ ಅತ್ತ ತಿರುಗಿ ಬೆಡ್‌ಶೀಟು ಕೊಡವುತ್ತಿದ್ದಳು, ಕಿವಿ ಮಾತ್ರ ಇತ್ತಲೇ ಇತ್ತು.

"ಬಿಸಿಲು ಬಿದ್ದಷ್ಟು ಕರೆಂಟು. ಹಗಲು ನಿಮ್ಮ ಓವನ್ನು ಇದರಲ್ಲೇ ನಡಿಯುತ್ತೆ, ಮಿಕ್ಕಿದ್ದು ಬೀದಿ ಲೈನಿಗೆ ಹೋಗುತ್ತೆ, ಅದನ್ನ ಬಿಲ್ಲಲ್ಲಿ ಕಳೀತಾರೆ. ನೀವು ನೋಡ್ಕೋಬೇಕಾಗಿರೋದು ನೆರಳು ಒಂದೇ. ಇವೆಲ್ಲ ಸಾಲಾಗಿ ಜೋಡಿಸಿರೋ ಹಲಗೆಗಳು. ನೀರಿನ ಪೈಪನ್ನ ನಡುವೆ ಎಲ್ಲೋ ಒಂದು ಕಡೆ ತುಳಿದು ನಿಂತ್ರೆ ತುದೀಲಿ ನೀರು ಬರುತ್ತಾ? ಹಾಗೇ ಇದೂ. ಕೆಳಗಿನ ಅಂಚಿಗೆ ಒಂದಿಷ್ಟು ನೆರಳು ಬಿದ್ರೂ ಇಡೀ ಸಾಲು ಸೊರಗುತ್ತೆ."

ದೊಡ್ಡಾಕೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಖಾಲಿ ಬಕೆಟ್ಟು ಎತ್ತಿಕೊಂಡು ಗುನುಗುತ್ತಾ ಕೆಳಗಿಳಿದಳು. ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಹುಟ್ಟಿತು ಎಂಬುದೆಲ್ಲ ಫೋನಿನಲ್ಲಿ ಕಾಣುತ್ತದೆ ಎಂದು ಸೋಲಾರಿನವನು ಹೇಳಿದ್ದು ಆಮೇಲೆ. ಅದನ್ನು ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ.

ಸಂಜೆಯೊಳಗೆ ಅವಳ ಒಣಗುಹಗ್ಗ ಹೊಸ ಜಾಗ ಹಿಡಿಯಿತು. ಬಿಸಿಲು ಬರುವ ಕಡೆಗೆ, ಹಲಗೆಗಳ ಮುಂದೆಯೇ, ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಕಟ್ಟಿದಳು. ಬೆಳಿಗ್ಗೆ ಬೆಡ್‌ಶೀಟುಗಳು ಹಗ್ಗವೇರಿದರೆ ಅವುಗಳ ನೆರಳು ಹಲಗೆಗಳ ಕೆಳಗಿನ ಅಂಚಿನ ಮೇಲೆ ನೀಟಾಗಿ ಬಂದು ಕೂರುತ್ತಿತ್ತು. ಒಣಗಿದ್ದನ್ನು ತೆಗೆದು ತಕ್ಷಣ ಒದ್ದೆಯದನ್ನು ಹಾಕುವಳು. ನರ್ಸಿಂಗ್ ಹೋಮಿನಿಂದ ಬಟ್ಟೆ ಬಾರದ ದಿನ ತನ್ನದೇ ಬೀರುವಿನಿಂದ ಮಡಿಸಿಟ್ಟ ಬೆಡ್‌ಶೀಟು ತೆಗೆದು, ನಲ್ಲಿಯ ಕೆಳಗೆ ಹಿಡಿದು ತೋಯಿಸಿ ತಂದು ಹರವುವಳು. ಇಷ್ಟು ನಿಷ್ಠೆಯಿಂದ ಅವಳು ದುಡ್ಡು ಬರುವ ಬಟ್ಟೆಯನ್ನೂ ಒಣಗಿಸಿದವಳಲ್ಲ.

ಬಿಲ್ಲು ಬಂತು. ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಚಿಕ್ಕಾಕೆ ಸೋಲಾರಿನವನನ್ನು ಕರೆಸಿ ಬಾಯಿಗೆ ಬಂದ ಹಾಗೆ ಬೈದಳು. ಅವನು ಬಂದದ್ದು ಸಂಜೆ, ಹಗ್ಗದ ಮೇಲಿನ ಬಟ್ಟೆಯೆಲ್ಲ ತೆಗೆದಾಗಿತ್ತು. ವೈರು ನೋಡಿದ, ಹಲಗೆ ಒರೆಸಿದ, ತಲೆ ಕೆರೆದುಕೊಂಡ. ದೊಡ್ಡಾಕೆ ಮೆಟ್ಟಿಲ ಮೇಲೆ ನಿಂತು ಮರುಕ ತೋರಿಸಿದಳು. "ಅಯ್ಯೋ ಪಾಪ, ಚೆನ್ನಾಗಿ ಟೋಪಿ ಹಾಕಿದಾರೆ ನಿಮಗೆ. ಯಾರನ್ನಾದ್ರೂ ಒಂದು ಮಾತು ಕೇಳಿ ಮಾಡಬೇಕಪ್ಪ ಇಂಥದ್ದನ್ನೆಲ್ಲ."

ಚಿಕ್ಕಾಕೆ ದೊಡ್ಡಾಕೆಯ ಮುಖವನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿ ಒಳಗೆ ಹೋದಳು.

ಮುಂದಿನ ಭಾನುವಾರ ಮಧ್ಯಾಹ್ನ ಅಣ್ಣತಮ್ಮಂದಿರಿಬ್ಬರನ್ನೂ ತಾರಸಿಗೆ ಕರೆತಂದು ಫೋನು ಅವರ ಕೈಗಿಟ್ಟಳು. ತಾನು ಹೋಗಿ ಹಗ್ಗದ ಮೇಲಿನ ಬೆಡ್‌ಶೀಟುಗಳನ್ನು ಒಂದು ಕಡೆಗೆ ಸರಿಸಿದಳು. ಫೋನಿನಲ್ಲಿ ಅಂಕಿ ದಡದಡನೆ ಮೇಲೇರಿತು. ಮತ್ತೆ ಹರವಿದಳು. ಅಂಕಿ ಕುಸಿಯಿತು.

"ಬಟ್ಟೆ ಹಾಕಿದ ಹೊತ್ತಿಗೆ ಬೀಳುತ್ತೆ, ತೆಗೆದ ಹೊತ್ತಿಗೆ ಏಳುತ್ತೆ. ದಿನಾ. ಇವತ್ತು ಆಸ್ಪತ್ರೆಯಿಂದ ಬಟ್ಟೇನೇ ಬಂದಿಲ್ಲ ಭಾವ, ಇವು ನಿಮ್ಮ ಮನೆಯವು" ಎಂದಳು.

ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ದೊಡ್ಡಾಕೆಗೆ ಒಂದು ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸಿಕ್ಕಿಬಿದ್ದವಳ ನಾಲಿಗೆ ಹೆಚ್ಚು ಚುರುಕು. "ಬಟ್ಟೆ ಒಣಗಿಸೋದು ನನ್ನ ಕೆಲಸ. ಬಿಸಿಲೇನು ನಿಮ್ಮಪ್ಪನ ಮನೆಯಿಂದ ತಂದಿದ್ದಾ?"

"ನೀರಿನ ಟ್ಯಾಂಕಿನ ಆಚೆ ಕಡೆಗೂ ಇಷ್ಟೇ ಬಿಸಿಲಿದೆ ಅಕ್ಕ. ಹಗ್ಗ ಅಲ್ಲಿಗೆ ಕಟ್ಟಿಸಿಕೊಡ್ತೀನಿ. ಆ ಜಾಗ ನಿಮ್ಮದೇ ಇರಲಿ, ನಾನು ಆ ಕಡೆ ತಲೆ ಕೂಡ ಹಾಕಲ್ಲ."

ಅದು ನ್ಯಾಯದ ಮಾತೇ. ದೊಡ್ಡಾಕೆಗೂ ಗೊತ್ತಿತ್ತು. ಆದರೆ ಅವಳು ಕೊಟ್ಟದ್ದನ್ನು ತಾನು ತೆಗೆದುಕೊಳ್ಳುವುದೇ? ತನ್ನದೇ ತಾರಸಿಯಲ್ಲಿ? "ನನ್ನ ಹಗ್ಗ ಇಲ್ಲಿಂದ ಒಂದು ಇಂಚು ಅಲ್ಲಾಡಲ್ಲ. ನೆರಳು ಬೇಡ ಅಂದ್ರೆ ನಿನ್ನ ಹಲಗೇನ ಆಕಾಶಕ್ಕೆ ಏರಿಸ್ಕೋ ಹೋಗು!"

ಚಿಕ್ಕಾಕೆ ಭಾವನ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಲ್ಲ?"

ಹತ್ತು ದಿನದೊಳಗೆ ತಾರಸಿಗೆ ವೆಲ್ಡಿಂಗಿನವರು ಬಂದರು. ಆಳೆತ್ತರವನ್ನೂ ಮೀರಿದ ಕಂಬಗಳನ್ನು ನಿಲ್ಲಿಸಿದರು. ಏರಿಸುವುದೇ ಆದರೆ ಪೂರ್ತಿ ಹಾಸಿಬಿಡಿ, ಕೆಳಗಿನ ಮನೆಗೂ ಕರೆಂಟಾಗುತ್ತದೆ ಎಂದ ಸೋಲಾರಿನವನು. ಅಣ್ಣ ಹೂಂ ಅಂದ. ಈ ಸಲ ಹೆಂಡತಿಯನ್ನು ಕೇಳದೆ ಇರುವುದಕ್ಕೆ ಅವನಿಗೆ ಕಾರಣವೂ ಸಿಕ್ಕಿತ್ತು. ಹೊಸ ಹಲಗೆಗಳು ಮೇಲೇರುವಾಗ ಏಣಿ ಹಿಡಿದು ನಿಂತಿದ್ದವನು ಅವನೇ. ದೊಡ್ಡಾಕೆ ಅದನ್ನು ನೋಡಿ ಹಲ್ಲು ಕಡಿದಳು. ಚಿಕ್ಕಾಕೆಯ ಮೇಲಿನ ಸಿಟ್ಟಿಗಿಂತ ಗಂಡನ ಮೇಲಿನ ಈ ಸಿಟ್ಟು ದೊಡ್ಡದಾಗಿತ್ತು, ಹಾಕಿಕೊಳ್ಳಲು ಜಾಗ ಮಾತ್ರ ಇರಲಿಲ್ಲ.

ಹಗ್ಗ ಅವಳು ಹೇಳಿದಂತೆ ಒಂದು ಇಂಚೂ ಅಲ್ಲಾಡಲಿಲ್ಲ. ಆದರೆ ಅದರ ಮೇಲೆ, ಟ್ಯಾಂಕಿನ ಆಚೆಗೂ ಈಚೆಗೂ, ಇಡೀ ತಾರಸಿಗೆ ಈಗ ಹಲಗೆಗಳದ್ದೇ ಚಾವಣಿ. ಮಧ್ಯಾಹ್ನಕ್ಕೆ ಗರಿಗರಿಯಾಗುತ್ತಿದ್ದ ಬೆಡ್‌ಶೀಟುಗಳು ಸಂಜೆಯಾದರೂ ಕೈಗೆ ತಣ್ಣಗೆ ಹತ್ತಿದವು. ಮನೆಯ ಮುಂದಿನ ಬೀದಿ ಇಕ್ಕಟ್ಟು, ಹಿಂದೆ ಬರೀ ಗೋಡೆ. ಇಸ್ತ್ರಿಯಲ್ಲಿಯೇ ಒಣಗಿಸಲು ಹೋದಳು. ಒಂದು ಬೆಡ್‌ಶೀಟಿಗೆ ಅರ್ಧ ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು. ನರ್ಸಿಂಗ್ ಹೋಮಿನ ಹೆಡ್ ನರ್ಸು ಗಂಟು ಬಿಚ್ಚಿ ಮೂಸಿ ನೋಡಿ ಮೂಗು ಮುಚ್ಚಿಕೊಂಡಳು. "ಮುಗ್ಗಲು ವಾಸನೆ. ಗಾಯ ಆದವರನ್ನ ಇದರ ಮೇಲೆ ಮಲಗಿಸ್ಲಾ? ಇನ್ನೊಂದ್ಸಲ ಹಿಂಗಾದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ."

ಗಂಟು ಹೊತ್ತು ವಾಪಸು ಬಂದಾಗ ಮೆಟ್ಟಿಲ ಬಳಿ ಚಿಕ್ಕಾಕೆ ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಗಂಟು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗೆದ್ದವರಿಗೆ ಅದು ಬೇಕಾಗುವುದಿಲ್ಲ.

"ಬಟ್ಟೆ ಒಣಗಿಸೋ ಮಿಷನ್ ಬರುತ್ತೆ ಅಕ್ಕ, ಡ್ರೈಯರ್ ಅಂತ. ತಗೊಂಡ್ಬಿಡಿ. ಕರೆಂಟೇನೋ ಮೇಲೆ ಬೇಕಾದಷ್ಟು ಹುಟ್ತಿದೆ. ಆದ್ರೆ ನನ್ನ ಓವನ್ನೂ ಅದೂ ಒಟ್ಟಿಗೆ ಹಾಕಿದ್ರೆ ಲೋಡ್ ತಡಿಯಲ್ಲ. ಹಾಕೋ ಮುಂಚೆ ಬಂದು ಒಂದು ಮಾತು ಕೇಳಿ."

ದೊಡ್ಡಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡನ ಜೊತೆ ಮಾತು ಬಿಟ್ಟಳು, ಒಂದು ಹೊತ್ತಿನ ಊಟವನ್ನೂ ಬಿಟ್ಟಳು. ಕಸುಬು ಬಿಡಲು ಆಗಲಿಲ್ಲ. ಕೊನೆಗೆ ಡ್ರೈಯರ್ ಬಂತು.

ಮೊದಲ ದಿನ ಅದಕ್ಕೆ ಒದ್ದೆ ಬೆಡ್‌ಶೀಟುಗಳನ್ನು ತುಂಬಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಳು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಬೆರಳು ತೆಗೆದು, ಸೆರಗಿಗೆ ಕೈ ಒರೆಸಿಕೊಂಡು, ಮೆಟ್ಟಿಲು ಹತ್ತಿ ಹೋಗಿ ಕೇಳಿದಳು.

"ಒಂದು ಗಂಟೆ ತಡೀರಿ ಅಕ್ಕ" ಎಂದಳು ಚಿಕ್ಕಾಕೆ ಓವನ್ನಿನಿಂದ ಮುಖ ತಿರುಗಿಸದೆ.

ದೊಡ್ಡಾಕೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕಾದಳು.