ಬೋಣಿ ಹೊತ್ತಿನ ದರ

ಮರವಂತೆಯ ಕಡಲ ಬದಿಯ ಆ ಕೇರಿಯಲ್ಲಿ ನಲವತ್ತೆರಡು ಮನೆ. ಮನೆಗೊಬ್ಬಳಾದರೂ ಮೀನಿನ ಬುಟ್ಟಿ ಹೊರುವವಳು. ಅಂಥ ಕಡೆ ಮಟಮಟ ಮಧ್ಯಾಹ್ನ ಹೋಗಿ, 'ನಿಮ್ಮ ಜೀವದ ಅಪಾಯ ಕಡಿಮೆಯಾಗಲು ತಿಂಗಳಿಗೆ ಎಷ್ಟು ಕೊಡುತ್ತೀರಿ?' ಎಂದು ಕೇಳಿದವಳು ನಾನು, ಕ್ಷಮಾ, ಎಂ.ಎ. ಅರ್ಥಶಾಸ್ತ್ರ, ಊರು ಉಪ್ಪುಂದ. ಆ ದಿನ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಕಡಲ ಕೊರೆತಕ್ಕೆ ಕಲ್ಲಿನ ಗೋಡೆ ಎಲ್ಲೆಲ್ಲಿ ಹಾಕಬೇಕು ಎಂದು ತೀರ್ಮಾನಿಸುವ ಸಮೀಕ್ಷೆ ಅದು. ಜನ ಹೇಳಿದ ಮೊತ್ತದ ಸರಾಸರಿ ನೂರೈವತ್ತು ದಾಟಿದರೆ ಆ ಕೇರಿಗೆ ಗೋಡೆ. ದಾಟದಿದ್ದರೆ ಕೇರಿ ಪಟ್ಟಿಯಿಂದ ಹೊರಗೆ.

ಮೊದಲು ಹೋದದ್ದು ತುದಿಯ ಮನೆಗೆ, ಬೆಳ್ಳಕ್ಕನಲ್ಲಿಗೆ. ಮನೆಯ ಹಿಂದೆ ಹಿಂದೊಮ್ಮೆ ಮೂರು ತೆಂಗಿನಮರ ಇದ್ದವಂತೆ, ಈಗ ಕಡಲಿದೆ. ಅರವತ್ತು ದಾಟಿದ ಬೆಳ್ಳಕ್ಕ ಮೀನು ಮಾರಿ ಬಂದು, ಜಗುಲಿಯಲ್ಲಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಫಾರ್ಮು ನೋಡಿಕೊಂಡು ಓದಿದೆ.

"ಈಗ ವರ್ಷಕ್ಕೆ ಸಾವಿರದಲ್ಲಿ ಇಬ್ಬರು ಕಡಲ ಕೊರೆತದಿಂದ ಸಾಯುವ ಸಂಭವವಿದೆ. ಗೋಡೆಯಾದರೆ ಅದು ಒಬ್ಬರಿಗೆ ಇಳಿಯುತ್ತದೆ. ಇದಕ್ಕಾಗಿ ನೀವು ತಿಂಗಳಿಗೆ ಇನ್ನೂರು ರೂಪಾಯಿ ಕೊಡುವಿರಾ?"

"ಕಲ್ಲ್ ಹಾಕಿರೂ ಒಬ್ರ್ ಸಾಯ್ಕಾ?" ಬೆಳ್ಳಕ್ಕ ಎಲೆ ಕೆಳಗಿಟ್ಟಳು. "ಆ ಒಬ್ರ್ ಯಾರಂದ್ ಹೇಳ್ ಹೆಣ್ಣೆ. ಮತ್ತೆ ದರ ಮಾತಾಡುವ."

"ಹಾಂಗಲ್ಲ ಬೆಳ್ಳಕ್ಕ, ಅದೊಂದ್ ಲೆಕ್ಕ. ಇನ್ನೂರ್ ಕೊಡ್ತ್ರ್ಯಾ?"

"ಆತಿಲ್ಲೆ."

ಇಲ್ಲ ಎಂದರೆ ಅರ್ಧಕ್ಕೆ ಇಳಿಸಿ ಕೇಳಬೇಕೆಂದು ಫಾರ್ಮಿನಲ್ಲೇ ಬರೆದಿತ್ತು. "ಹಾಂಗಾರೆ ನೂರು?"

ಬೆಳ್ಳಕ್ಕ ನಕ್ಕುಬಿಟ್ಟಳು. "ಒಂದೇ ಮಾತಿಗೆ ಅರ್ಧ ಇಳ್ಸುವವ್ರ್ ಹತ್ರ ಮೀನ್ ತಕಂಬುಕಾಗ, ಅದ್ ಕೊಳ್ತದ್ದೇ. ನಿನ್ ಕಲ್ಲೂ ಹಾಂಗೇ ಇರ್ಕ್. ಹತ್ತ್ ರೂಪಾಯಿ. ಬೇಕಾರೆ ಬರ್ಕೋ."

ಹಲ್ಲು ಕಚ್ಚಿಕೊಂಡು ಬರೆದುಕೊಂಡೆ. 'ಇಲ್ಲೆ' ಅಂದರೆ ದರ ಇಳಿಯುತ್ತದೆ ಎಂಬ ಸುದ್ದಿ ನನಗಿಂತ ಮೊದಲೇ ಎರಡನೇ ಮನೆ ತಲುಪಿತ್ತು. ಸಂಜೆಯ ಹೊತ್ತಿಗೆ ನಲವತ್ತೆರಡು ಫಾರ್ಮಿನಲ್ಲೂ ಹತ್ತೇ ಹತ್ತು.

ನನ್ನ ಮೇಲ್ವಿಚಾರಕರು ಯೋಗೀಶ್ ಸರ್, ಬ್ರಹ್ಮಾವರದವರು. ಕುಂದಾಪುರದ ಕಚೇರಿಯಲ್ಲಿ ಕೂತು ಲೆಕ್ಕ ಹಾಕಿದರು. ತಿಂಗಳಿಗೆ ಹತ್ತಾದರೆ ವರ್ಷಕ್ಕೆ ನೂರಿಪ್ಪತ್ತು, ಹಾಗೆ ಸಾವಿರ ಜನ ಕೊಟ್ಟರೆ ಉಳಿಯುವುದು ಒಂದು ಜೀವ. "ಅಲ್ಲಿಗೆ ಒಂದು ಜೀವದ ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ. ಈ ಕೇರಿಗೆ ಗೋಡೆ ಇಲ್ಲ, ಕ್ಷಮಾ."

ನನ್ನ ಸ್ಕೂಟರಿಗೆ ನಾನು ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ. ಬೆಳ್ಳಕ್ಕನ ಮನೆಯ ಕಡಲ ಕಡೆಯ ಪಡುಗೋಡೆಯಲ್ಲಿ ಕೈ ತೂರುವಷ್ಟು ಬಿರುಕು, ಅದರಡಿ ಮಗುವೊಂದರ ಶಾಲೆಯ ಚೀಲ, ಎರಡನ್ನೂ ಕಣ್ಣಾರೆ ಕಂಡು ಬಂದಿದ್ದೆ. ಮುಂದಿನ ಮಳೆಗಾಲಕ್ಕೆ ಆ ಗೋಡೆ ನಿಲ್ಲುವುದು ಅನುಮಾನ.

ತಪ್ಪು ನನ್ನದೇ. ಅಮ್ಮ ಬಾಗಿಲಲ್ಲಿ ನಿಂತು ಮೀನಿನವರ ಜೊತೆ ಚೌಕಾಸಿ ಮಾಡುವುದನ್ನು ಕೇಳುತ್ತಲೇ ಬೆಳೆದವಳು ನಾನು. ಮಧ್ಯಾಹ್ನ ನಿಜವಾದ ದರ ಹೇಳಿದವರನ್ನು ನಮ್ಮ ಕಡೆ ದಡ್ಡರು ಎನ್ನುತ್ತಾರೆ. ನಿಜ ಹೇಳುವುದು ಬೋಣಿಗೆ ಮಾತ್ರ. ದಿನದ ಆ ಮೊದಲ ವ್ಯಾಪಾರಕ್ಕೆ ಮಾರುವವಳು ತಾನೇ ಇಳಿಸಿ ಒಂದೇ ದರ ಹೇಳುತ್ತಾಳೆ, ಕೊಳ್ಳುವವರು ಎದುರಾಡುವುದಿಲ್ಲ. ಬೋಣಿ ಮಾಡಿದ್ದನ್ನು ವಾಪಸು ಮಾಡುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಮರುದಿನ ಏಳು ಗಂಟೆಗೇ ಹೋಗಿ ಬೆಳ್ಳಕ್ಕನ ಬುಟ್ಟಿಯಿಂದ ನೂರು ರೂಪಾಯಿಯ ಬಂಗುಡೆ ಕೊಂಡೆ. ತುಟಿ ಪಿಟಕ್ಕೆನ್ನಲಿಲ್ಲ. ಅವಳು ನೋಟನ್ನು ಕಣ್ಣಿಗೊತ್ತಿಕೊಂಡಳು.

"ಬೆಳ್ಳಕ್ಕ, ಇದ್ ಬೋಣಿ ಹೊತ್ತ್. ಈಗ ಹೇಳಿ, ಗೋಡೆಗೆ ಎಷ್ಟ್ ಕೊಡ್ತ್ರಿ?"

"ಬೋಣಿಗೆ ಇದೆಂತ ಪ್ರಶ್ನೆ ಮಾರಾಯ್ತಿ!" ಎಂದಳು. ಆಮೇಲೆ ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಯಾರ್ ಜೀವಕ್ಕೆ? ನಂದಾರೆ ಹತ್ತೇ. ನಿನ್ನೆ ಸುಳ್ಳ್ ಹೇಳ್ಲಿಲ್ಲೆ ನಾನ್."

"ಮತ್ತೆ?"

"ಮೊಮ್ಮಗಳ್ ಪೂಜಿತಾ ಇತ್ತಲೆ, ಅವ್ಳ್ ಮನಿಕಂಬ್ದ್ ಆ ಪಡು ಕೋಣಿಯಂಗೆ. ಮಳೆಗಾಲದಲ್ಲ್ ನಂಗೆ ನಿದ್ರಿ ಇಲ್ಲೆ, ಕಡಲ್ ಎಷ್ಟ್ ಹತ್ರ ಬಂತ್ ಅಂದ್ ಕಿವಿ ಕೊಟ್ಟ್ ಕೇಂತಾ ಕೂಕಂಬ್ದೇ." ಬುಟ್ಟಿಯ ಅಂಚನ್ನು ಸುಮ್ಮನೆ ಒರೆಸಿದಳು. "ಬೋಣಿ ದುಡ್ಡ್ ನಾನ್ ಖರ್ಚ್ ಮಾಡ್ತಿಲ್ಲೆ, ದೇವ್ರ ಡಬ್ಬಿಗೆ ಹಾಕ್ತೆ. ತಿಂಗ್ಳಿಗೆ ಎರಡೂವರಿ ಸಾವ್ರ ಆತ್ತ್. ಅಷ್ಟೂ ಕೊಡ್ತೆ, ಬರ್ಕೋ. ದೇವ್ರ ಹತ್ರ ನಾನ್ ಮಾತಾಡ್ಕಂತೆ."

ನನ್ನ ಕಣ್ಣು ತುಂಬಿತು. ಬಂಗುಡೆಯ ಚೀಲ ಹಿಡಿದ ಕೈಯಲ್ಲಿ ಒರೆಸಿಕೊಳ್ಳುವ ಹಾಗೂ ಇಲ್ಲ. ಹಾಗೇ ಬರೆದುಕೊಂಡು ಫಾರ್ಮಿನ ಫೋಟೋ ಕಚೇರಿಗೆ ಕಳಿಸಿದೆ.

ಹತ್ತು ಗಂಟೆಗೆ ಯೋಗೀಶ್ ಸರ್ ಫೋನು. "ನಿನ್ನೆ ಹತ್ತು, ಇವತ್ತು ಎರಡೂವರೆ ಸಾವಿರವೇ? ಇದು ನಂಬುವ ಉತ್ತರವಲ್ಲ. ಹೊಡೆದುಹಾಕಿ."

"ಸರ್, ಇದು ಬೋಣಿಗೆ ಹೇಳಿದ್ದು."

ಕಚೇರಿಯಲ್ಲಿ ಪುಸ್ತಕದ ಕನ್ನಡ ಬಿಟ್ಟು ಬೇರೆ ಮಾತಾಡದ ಮನುಷ್ಯ ಊರಿನ ಮಾತಿಗೆ ಇಳಿದರು. "ಬೋಣಿಗಾ? ಹಾಂಗಾರೆ ವಾಪಸ್ ಮಾಡುಕಾಗ. ಉಳ್ದ್ ಮನಿಗೂ ಬೋಣಿ ಹೊತ್ತಿಗೇ ಹೋಯ್ನಿ."

ಬೋಣಿ ಹೊತ್ತು ಬೇಗ ಮುಗಿಯುತ್ತದೆ. ದಿನಕ್ಕೆ ಮೂರು ಮನೆಯಂತೆ ಎರಡು ವಾರ ಹಿಡಿಯಿತು. ಪ್ರತಿ ಮನೆಯಲ್ಲೂ ಮೀನು ಕೊಂಡೆ. ನನ್ನ ಸ್ಕೂಟರಿನ ಸದ್ದಿಗೆ ನಮ್ಮ ಓಣಿಯ ಬೆಕ್ಕುಗಳೆಲ್ಲ ಎದ್ದು ನಿಲ್ಲತೊಡಗಿದವು. ಸರಾಸರಿ ಮುನ್ನೂರ ಹತ್ತು ಬಂತು. ಕೇರಿ ಪಟ್ಟಿ ಸೇರಿತು.

ಸುದ್ದಿ ಹೇಳಲು ಅವತ್ತೇ ಮಧ್ಯಾಹ್ನ ಓಡಿದೆ. ಬೆಳ್ಳಕ್ಕ ಅದೇ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬೆಳ್ಳಕ್ಕ, ಗೋಡೆ ಬತ್ತ್! ನೀವ್ ಹೇಳಿದ್ದ್ ಲೆಕ್ಕ ಹಾಕಿರೆ, ಪೂಜಿತನ ಜೀವಕ್ಕೆ ಮೂರ್ ಕೋಟಿ ಆಯ್ತ್ ಕಾಣಿ."

ಅವಳ ಕೈ ನಿಂತಿತು.

"ಮೂರೇಯಾ?" ಎಂದಳು. "ಬೋಣಿ ಅಂದ್ಕಂಡ್ ಇಳ್ಸಿ ಹೇಳಿದ್ದ್ ನಾನ್. ಈಗ ಮಧ್ಯಾಹ್ನ ಆಯ್ತಲೆ, ಇನ್ನೊಂದ್ಸಲ ಕೇಣ್ ಕಾಂಬ."